ಮಗುವಿನ ರಾತ್ರಿ ನಿದ್ದೆ ಬೆಳಿಗ್ಗೆಯಿಂದಲೇ ಶುರು

ವಿಜಯಪುರದ ಯಾವ ಓಣಿಗೆ ಹೋದರೂ ರಾತ್ರಿ ಹತ್ತರ ಹೊತ್ತಿಗೆ ಒಂದಲ್ಲ ಒಂದು ಮನೆಯಿಂದ ಈ ಮಾತು ಕೇಳಿಸುತ್ತದೆ. "ಏ ತಮ್ಮಾ, ಮಲ್ಕೊಳ್ಳೋ, ನಾಳೆ ಸಾಲಿ ಐತಿ." ತಮ್ಮ ಮಲಗುವುದಿಲ್ಲ. ನೀರು ಕೇಳುತ್ತಾನೆ. ನೀರು ಕುಡಿದ ಮೇಲೆ ಉಚ್ಚಿ ಬಂತು ಅನ್ನುತ್ತಾನೆ. ಅದೂ ಮುಗಿದ ಮೇಲೆ ಮುತ್ಯಾನ ಹತ್ತಿರ ಮಲಗ್ತೀನಿ ಅಂತ ಎದ್ದು ಓಡುತ್ತಾನೆ. ಹನ್ನೊಂದರ ಹೊತ್ತಿಗೆ ಅವ್ವನ ತಾಳ್ಮೆ ಮುಗಿದು ಬೆನ್ನಿಗೊಂದು ಗುದ್ದು ಬೀಳುತ್ತದೆ. ಅಳುತ್ತಲೇ ನಿದ್ದೆ ಹೋಗುತ್ತಾನೆ. ಬೆಳಿಗ್ಗೆ ಏಳೂವರೆಗೆ ಎಬ್ಬಿಸುವಾಗ ಮತ್ತೆ ಜಗಳ.

ಇದಕ್ಕೆಲ್ಲ ಹಟ ಅಂತಲೋ, ಮುದ್ದು ಜಾಸ್ತಿ ಆಗಿದೆ ಅಂತಲೋ ಹೆಸರಿಟ್ಟು ಮುಗಿಸುತ್ತೇವೆ. ಹಟ ಸ್ವಲ್ಪ ಇರುತ್ತದೆ, ಇಲ್ಲ ಅಂತಲ್ಲ. ಆದರೆ ಬಹಳ ಸಲ ಆ ಹುಡುಗನಿಗೆ ಆ ಹೊತ್ತಿಗೆ ನಿಜವಾಗಿಯೂ ನಿದ್ದೆ ಬಂದಿರುವುದಿಲ್ಲ. ಯಾಕೆ ಬಂದಿಲ್ಲ ಅಂತ ರಾತ್ರಿ ಹತ್ತಕ್ಕೆ ಹುಡುಕಿದರೆ ಉತ್ತರ ಸಿಗದು. ಬೆಳಿಗ್ಗೆ ಎಷ್ಟಕ್ಕೆ ಎದ್ದಿದ್ದ, ಮಧ್ಯಾಹ್ನ ಎಷ್ಟು ಹೊತ್ತು ಮಲಗಿದ್ದ, ಸಂಜೆ ಎಂಥ ಬೆಳಕಿನಲ್ಲಿ ಕೂತಿದ್ದ ಅಂತ ಕೇಳಬೇಕು.

ನಿದ್ದೆ ಬರುವುದಕ್ಕೆ ನಮ್ಮ ದೇಹದಲ್ಲಿ ಎರಡು ವ್ಯವಸ್ಥೆಗಳಿವೆ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಈ ಎರಡನ್ನೂ ಬಿಡಿಸಿ ತೋರಿಸಿದರು. ಇವತ್ತಿಗೂ ನಿದ್ದೆಯ ವೈದ್ಯರು ಅದೇ ಲೆಕ್ಕ ಇಟ್ಟುಕೊಂಡು ಮಾತಾಡುತ್ತಾರೆ.

ಮೊದಲನೆಯದು ನಿದ್ದೆಯ ಒತ್ತಡ. ಇದು ಹಸಿವಿನ ಥರ. ಎದ್ದ ಗಳಿಗೆಯಿಂದ ಮೆದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಕೂಡುತ್ತಾ ಹೋಗುತ್ತದೆ, ಎಚ್ಚರವಿದ್ದಷ್ಟು ಹೊತ್ತೂ ಏರುತ್ತದೆ, ಮಲಗಿದಾಗ ಇಳಿಯುತ್ತದೆ. ಸಂಜೆ ಆರಕ್ಕೆ ಎರಡು ಪ್ಲೇಟ್ ಮಿರ್ಚಿ ಭಜಿ ತಿಂದವನಿಗೆ ಎಂಟಕ್ಕೆ ರೊಟ್ಟಿ ಊಟ ಬೇಡವಾಗುವ ಹಾಗೆ, ಸಂಜೆ ಐದೂವರೆವರೆಗೆ ಮಲಗಿದ ಮಗುವಿಗೆ ಒಂಬತ್ತಕ್ಕೆ ನಿದ್ದೆ ಬೇಡವಾಗುತ್ತದೆ. ಮಕ್ಕಳಲ್ಲಿ ಈ ಒತ್ತಡ ದೊಡ್ಡವರಿಗಿಂತ ಬೇಗ ಏರುತ್ತದೆ. ಆರು ತಿಂಗಳ ಕೂಸು ದಿನವಿಡೀ ಎಚ್ಚರ ಇರಲಾರದೆ ಎರಡು ಮೂರು ಸಲ ಮಲಗುವುದು ಇದಕ್ಕೇ. ಒಂದೂವರೆ ವರ್ಷದ ಆಸುಪಾಸಿಗೆ ಹಗಲು ನಿದ್ದೆ ಒಂದಕ್ಕೆ ಇಳಿಯುತ್ತದೆ, ಮೂರರಿಂದ ಐದು ವರ್ಷದೊಳಗೆ ಬಹುತೇಕ ಮಕ್ಕಳು ಅದನ್ನೂ ಬಿಡುತ್ತಾರೆ.

ಎರಡನೆಯದು ಮೆದುಳಿನೊಳಗಿನ ಗಡಿಯಾರ. ಎರಡೂ ಕಣ್ಣಿನ ನರಗಳು ಕೂಡುವ ಜಾಗದ ಮೇಲೆ, ಅಕ್ಕಿ ಕಾಳಿಗಿಂತ ಚಿಕ್ಕದಾಗಿ ಕೂತಿರುವ ಜೀವಕೋಶಗಳ ಗುಂಪು ಅದು. ಈ ಗಡಿಯಾರ ಜೀವಕೋಶದೊಳಗೆ ಹೇಗೆ ಓಡುತ್ತದೆ ಅಂತ ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರ ನೊಬೆಲ್ ಬಂತು. ನಮಗೆ ಬೇಕಾದ ವಿಷಯ ಇಷ್ಟು: ಆ ಗಡಿಯಾರಕ್ಕೆ ಟೈಮ್ ಹೇಳುವುದು ಬೆಳಕು. ಬೆಳಿಗ್ಗೆಯ ಬೆಳಕು ಅದನ್ನು ಮುಂದಕ್ಕೆ ತಳ್ಳುತ್ತದೆ, ಅಂದರೆ ಆ ರಾತ್ರಿ ನಿದ್ದೆ ಬೇಗ ಬರುತ್ತದೆ. ರಾತ್ರಿಯ ಬೆಳಕು ಹಿಂದಕ್ಕೆ ಎಳೆಯುತ್ತದೆ, ನಿದ್ದೆ ತಡವಾಗುತ್ತದೆ. ಕತ್ತಲಾದಾಗ ಮೆಲಟೋನಿನ್ ಎಂಬ ಹಾರ್ಮೋನು ಏರಿ "ರಾತ್ರಿಯಾಯಿತು" ಅಂತ ಇಡೀ ದೇಹಕ್ಕೆ ಸುದ್ದಿ ಮುಟ್ಟಿಸುತ್ತದೆ.

ಈ ಗಡಿಯಾರದ ಒಂದು ಚಾಳಿ ಗೊತ್ತಿದ್ದರೆ ಅರ್ಧ ಜಗಳ ತಪ್ಪುತ್ತದೆ. ನಿದ್ದೆ ಬರುವುದಕ್ಕೆ ಮುಂಚಿನ ಒಂದೆರಡು ಗಂಟೆ ಅದು ಮನುಷ್ಯನನ್ನು ಅತಿ ಹೆಚ್ಚು ಎಚ್ಚರವಾಗಿ ಇಡುತ್ತದೆ. ದಿನಾ ಹತ್ತೂವರೆಗೆ ನಿದ್ದೆ ಹೋಗುವ ಮಗು ಎಂಟೂವರೆಯಿಂದ ಒಂಬತ್ತೂವರೆವರೆಗೆ ಹಾಸಿಗೆ ಮೇಲೆ ಕುಣಿಯುವುದು ಸುಮ್ನೆ ಅಲ್ಲ. ಅದೇ ಹೊತ್ತಿಗೆ ನಾವು "ಇವತ್ತಿಂದ ಒಂಬತ್ತಕ್ಕೆ ಮಲಗಬೇಕು" ಅಂತ ಕಾನೂನು ಮಾಡಿ ಲೈಟ್ ಆರಿಸುತ್ತೇವೆ. ಮಗು ಕತ್ತಲೆಯಲ್ಲಿ ಕಣ್ಣು ಬಿಟ್ಟುಕೊಂಡು ಹೊರಳಾಡುತ್ತದೆ. ನಾಲ್ಕು ದಿನ ಹೀಗಾದರೆ ಹಾಸಿಗೆ ಅಂದರೆ ಜಗಳದ ಜಾಗ ಅಂತ ಅದರ ತಲೆಯಲ್ಲಿ ಕೂತುಬಿಡುತ್ತದೆ.

ನಮ್ಮ ಕಡೆ ಸೂರ್ಯ ತಡ

ಇಲ್ಲಿಗೊಂದು ಊರಿನ ಲೆಕ್ಕ ಸೇರಿಸಬೇಕು. ಭಾರತಕ್ಕೆಲ್ಲ ಒಂದೇ ಗಡಿಯಾರ. ಅದರ ಟೈಮ್ ನಿಂತಿರುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖೆಯ ಮೇಲೆ. ವಿಜಯಪುರ ಅದಕ್ಕಿಂತ ಸುಮಾರು ಏಳು ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಅಂದರೆ ನಮ್ಮ ಸೂರ್ಯ ಕೈಗಡಿಯಾರಕ್ಕಿಂತ 27 ನಿಮಿಷ ಹಿಂದೆ. ಬೆಳಗಾವಿಯಲ್ಲಿ ಇನ್ನೂ ನಾಲ್ಕೈದು ನಿಮಿಷ ಜಾಸ್ತಿ. ಕೋಲ್ಕತ್ತಾಗೂ ನಮಗೂ ಹೋಲಿಸಿದರೆ ಸೂರ್ಯನ ಲೆಕ್ಕದಲ್ಲಿ 50 ನಿಮಿಷದ ಅಂತರವಿದೆ. ಜೂನ್ ತಿಂಗಳಲ್ಲಿ ಇಲ್ಲಿ ಸೂರ್ಯ ಮುಳುಗುವುದು ಏಳರ ಆಸುಪಾಸಿಗೆ, ಡಿಸೆಂಬರಿನಲ್ಲಿ ಆರರ ಆಸುಪಾಸಿಗೆ. ಶಾಲೆಯ ಗಂಟೆ ಮಾತ್ರ ಎಲ್ಲ ಊರಲ್ಲೂ ಕೈಗಡಿಯಾರ ನೋಡಿಯೇ ಬಾರಿಸುತ್ತದೆ.

ಮೌಲಿಕ್ ಜಗ್ನಾನಿ ಎಂಬ ಅರ್ಥಶಾಸ್ತ್ರಜ್ಞರು ಭಾರತದ ಮಕ್ಕಳ ದಿನಚರಿಯ ಅಂಕಿಅಂಶಗಳಲ್ಲಿ ಇದನ್ನೇ ಹುಡುಕಿದರು. ಸೂರ್ಯ ಒಂದು ಗಂಟೆ ತಡವಾಗಿ ಮುಳುಗುವ ಕಡೆ ಮಕ್ಕಳ ನಿದ್ದೆ ಸುಮಾರು ಅರ್ಧ ಗಂಟೆ ಕಡಿಮೆ ಎಂದು ಅವರ ಲೆಕ್ಕ. ಮಲಗುವುದು ಸೂರ್ಯನನ್ನು ನೋಡಿ ತಡವಾಗುತ್ತದೆ, ಏಳುವುದು ಶಾಲೆ ನೋಡಿ ಬೇಗ ಆಗುತ್ತದೆ. ನಡುವೆ ಕಳೆದುಹೋಗುವುದು ಮಗುವಿನ ನಿದ್ದೆ. ಪಶ್ಚಿಮದ ಕಡೆಗಿರುವ ನಾವು ಬೆಳಿಗ್ಗೆಯ ಬೆಳಕಿನ ವಿಷಯದಲ್ಲಿ ಸ್ವಲ್ಪ ಜಾಸ್ತಿ ಕಟ್ಟುನಿಟ್ಟು ಇರಬೇಕಾದ್ದು ಇದಕ್ಕೇ.

ಎಷ್ಟು ನಿದ್ದೆ ಬೇಕು? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ. ಮಧ್ಯಾಹ್ನದ ನಿದ್ದೆಯೂ ಇದರಲ್ಲೇ ಸೇರಿದೆ. ಇದನ್ನು ಮರೆತು ಕೆಲವರು ಸುಮ್ನೆ ಗಾಬರಿಯಾಗುತ್ತಾರೆ. ಮೂರು ವರ್ಷದ ಮಗು ರಾತ್ರಿ ಒಂಬತ್ತಕ್ಕೆ ಮಲಗಿ ಆರೂವರೆಗೆ ಎದ್ದು, ಮಧ್ಯಾಹ್ನ ಒಂದೂವರೆ ಗಂಟೆ ಮಲಗಿದರೆ ಹನ್ನೊಂದು ಗಂಟೆಯಾಯಿತು. ಬೇಕಾದಷ್ಟಾಯಿತು. ಮಗು ಹಗಲೆಲ್ಲ ಆಡಿಕೊಂಡು, ಊಟ ಮಾಡಿಕೊಂಡು, ಬೆಳಿಗ್ಗೆ ತಾನೇ ಏಳುತ್ತಿದ್ದರೆ ಪಕ್ಕದ ಮನೆ ಮಗುವಿನ ಲೆಕ್ಕ ನಿಮಗೆ ಬೇಡ.

ಏಳುವ ಹೊತ್ತು ಮೊದಲು ಕಟ್ಟಿ

ರಾತ್ರಿ ನಿದ್ದೆಯನ್ನು ಯಾರೂ ಹಿಡಿದು ತರಲಾರರು. ಮಲಗಿಸಬಹುದು, ನಿದ್ದೆ ಬರಿಸಲಾಗದು. ಆದರೆ ಬೆಳಿಗ್ಗೆ ಎಬ್ಬಿಸುವುದು ನಮ್ಮ ಕೈಯಲ್ಲಿದೆ. ಅದಕ್ಕೇ ದಿನಚರಿ ಕಟ್ಟುವುದನ್ನು ಅಲ್ಲಿಂದಲೇ ಶುರು ಮಾಡಬೇಕು ಅಂತ ನನ್ನ ಅಭಿಪ್ರಾಯ.

ಒಂದು ವಾರ ಮಗು ನಿಜವಾಗಿ ಕಣ್ಣು ಮುಚ್ಚುವ ಹೊತ್ತನ್ನು ಕ್ಯಾಲೆಂಡರಿನ ಮೇಲೆ ಗೀಚಿಡಿ. ಹತ್ತೂವರೆ ಅಂತ ಬಂತು ಅಂದುಕೊಳ್ಳಿ. ಮೊದಲ ಎರಡು ಮೂರು ದಿನ ಹತ್ತೂಕಾಲಿಗೇ ಹಾಸಿಗೆಗೆ ಕರೆದೊಯ್ಯಿರಿ, ಅದಕ್ಕೂ ಮುಂಚೆ ಬೇಡ. ಆಗ ಮಲಗಿದ ಸ್ವಲ್ಪ ಹೊತ್ತಿಗೇ ನಿದ್ದೆ ಬರುತ್ತದೆ, ಜಗಳಕ್ಕೆ ಜಾಗವೇ ಇರುವುದಿಲ್ಲ. ಬೆಳಿಗ್ಗೆ ಮಾತ್ರ ಎಂದಿಗಿಂತ ಕಾಲು ಗಂಟೆ ಮುಂಚೆ ಎಬ್ಬಿಸಿ. ಎರಡು ಮೂರು ದಿನಕ್ಕೊಮ್ಮೆ ಮಲಗುವ ಹೊತ್ತು, ಏಳುವ ಹೊತ್ತು ಎರಡನ್ನೂ ಕಾಲು ಕಾಲು ಗಂಟೆ ಬೇಗ ಮಾಡುತ್ತಾ ಬನ್ನಿ. ಹತ್ತೂವರೆಯಿಂದ ಒಂಬತ್ತಕ್ಕೆ ಬರಲು ಎರಡು ಮೂರು ವಾರ ಹಿಡಿಯುತ್ತದೆ. ನಿಧಾನ ಅನ್ನಿಸುತ್ತದೆ, ಆದರೆ ಒಂದೇ ರಾತ್ರಿಯಲ್ಲಿ ಒಂಬತ್ತಕ್ಕೆ ತರಲು ಹೋಗಿ ವರ್ಷವಿಡೀ ಗುದ್ದಾಡುವುದಕ್ಕಿಂತ ಬೇಗ.

ಎಬ್ಬಿಸಿದ ಕೂಡಲೇ ಬೆಳಕಿಗೆ ಕರೆತನ್ನಿ. ಟ್ಯೂಬ್‌ಲೈಟ್ ಸಾಲದು. ಮೋಡ ಕವಿದ ದಿನದಲ್ಲೂ ಹೊರಗಿನ ಬೆಳಕು ಮನೆಯೊಳಗಿನದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಮಾಳಿಗೆ ಮೇಲೆ, ಕಟ್ಟೆ ಮೇಲೆ, ಎಲ್ಲಾದರೂ ಸರಿ. ಹಲ್ಲುಜ್ಜುವುದನ್ನು ಅಲ್ಲೇ ಮಾಡಿಸಿದರೂ ಆಯಿತು. ಗೋಳಗುಮ್ಮಟದ ಸುತ್ತ ಬೆಳಿಗ್ಗೆ ವಾಕಿಂಗ್ ಹೋಗುವ ಮುತ್ಯಾಂದಿರು ಮೊಮ್ಮಕ್ಕಳನ್ನೂ ಕೈ ಹಿಡಿದು ಕರೆದೊಯ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಭಾನುವಾರ? ಅರ್ಧ ಗಂಟೆ ಹೆಚ್ಚು ಮಲಗಲಿ, ತಪ್ಪಿಲ್ಲ. ಒಂಬತ್ತರವರೆಗೆ ಬಿಟ್ಟರೆ ಸೋಮವಾರದ ಬೆಳಿಗ್ಗೆ ಅದರ ಬಡ್ಡಿ ಕೊಡಬೇಕಾಗುತ್ತದೆ.

ಮಧ್ಯಾಹ್ನದ ನಿದ್ದೆಗೆ ಬರೋಣ. ಕೂಸು ಮಲಗಿದರೆ ಮನೆಗೆಲಸ ಆಗುತ್ತದೆ, ಅವ್ವನಿಗೂ ಬೆನ್ನು ಚಾಚಲು ಸಿಗುತ್ತದೆ. ಹಾಗಾಗಿ ಮಲಗಿದಷ್ಟು ಮಲಗಲಿ ಅಂತ ಬಿಡುತ್ತೇವೆ. ಎರಡು ವರ್ಷ ದಾಟಿದ ಮಗುವನ್ನು ಮೂರೂವರೆ ಒಳಗೆ ಎಬ್ಬಿಸಿಬಿಡಿ. ಎದ್ದಾಗ ಸಿಡುಕುತ್ತದೆ, ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಆದರೆ ಒಂದು ಎಚ್ಚರಿಕೆ. "ಮಧ್ಯಾಹ್ನ ಮಲಗಿಸೋದೇ ಬೇಡ, ರಾತ್ರಿ ದಣಿದು ಮಲಗ್ತದೆ" ಅನ್ನುವ ಉಪಾಯ ಸಣ್ಣ ಮಕ್ಕಳಿಗೆ ಉಲ್ಟಾ ಹೊಡೆಯುತ್ತದೆ. ನಿದ್ದೆ ತಡೆದಿಟ್ಟ ಮಗುವಿನ ದೇಹ ಎಚ್ಚರವಿರಲು ಒತ್ತಡದ ಹಾರ್ಮೋನುಗಳನ್ನು ಬಿಡುತ್ತದೆ. ಆಮೇಲೆ ಅದು ನಗುವುದೂ ಜಾಸ್ತಿ, ಅಳುವುದೂ ಜಾಸ್ತಿ, ಓಡುವುದೂ ಜಾಸ್ತಿ. ನೋಡಿದವರು "ಇದಕ್ಕೆಲ್ಲಿ ನಿದ್ದಿ ಬಂದೈತಿ" ಅನ್ನುತ್ತಾರೆ.

ಇನ್ನು ಚಹಾ. ನಮ್ಮ ಕಡೆ ಮೂರು ವರ್ಷದ ಮಗುವೂ ಬಸಿಯಲ್ಲಿ ಚಹಾ ಸುರಿದುಕೊಂಡು ಬಿಸ್ಕೀಟು ಅದ್ದಿ ತಿನ್ನುತ್ತದೆ. ಬಂದ ನೆಂಟರ ಮುಂದೆ ಮಗುವಿಗೆ ಬೇಡ ಅನ್ನುವುದು ಕಷ್ಟ ಅಂತ ಗೊತ್ತು. ಆದರೆ ಚಹಾದಲ್ಲಿರುವ ಕೆಫೀನ್, ಮೊದಲು ಹೇಳಿದ ಅಡೆನೋಸಿನ್ ಕೊಡುವ ಸುದ್ದಿ ಮೆದುಳಿಗೆ ಮುಟ್ಟದ ಹಾಗೆ ಅಡ್ಡ ನಿಲ್ಲುತ್ತದೆ. ಸಂಜೆ ಐದರ ಚಹಾದ ಕೆಫೀನ್ ರಾತ್ರಿ ಹತ್ತಕ್ಕೂ ಪೂರ್ತಿ ಇಳಿದಿರುವುದಿಲ್ಲ. ಸಾಲದ್ದಕ್ಕೆ ಊಟದಲ್ಲಿನ ಕಬ್ಬಿಣಾಂಶ ರಕ್ತಕ್ಕೆ ಸೇರುವುದನ್ನೂ ಚಹಾ ತಡೆಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ನಮ್ಮ ದೇಶದ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ. ಕಬ್ಬಿಣಾಂಶ ಕಡಿಮೆಯಿರುವ ಮಕ್ಕಳು ರಾತ್ರಿ ಕಾಲು ಒದರುವುದು, ಹೊರಳಾಡುವುದು ಹೆಚ್ಚು. ಬಸಿಗೆ ಬರೀ ಹಾಲು ಹಾಕಿಕೊಟ್ಟರೆ ಅದ್ದಿ ತಿನ್ನುವ ಖುಷಿಗೇನೂ ಕಮ್ಮಿ ಆಗುವುದಿಲ್ಲ.

ಸಂಜೆಯಿಂದ ಕೌದಿಯವರೆಗೆ

ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಮೂರರಿಂದ ಐದು ವರ್ಷದ ಹತ್ತು ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. 2018ರಲ್ಲಿ ಅದು ಪ್ರಕಟವಾಯಿತು. ಮಲಗುವ ಮುಂಚಿನ ಒಂದು ಗಂಟೆ ಪ್ರಖರ ಬೆಳಕಿನ ಮೇಜಿನ ಮೇಲೆ ಆಡಿದ ಮಕ್ಕಳಲ್ಲಿ ಮೆಲಟೋನಿನ್ ಸುಮಾರು 88 ಪ್ರತಿಶತ ಕುಸಿಯಿತು. ಲೈಟ್ ಆರಿಸಿ 50 ನಿಮಿಷವಾದರೂ ಬಹುತೇಕ ಮಕ್ಕಳಲ್ಲಿ ಅದು ಮೇಲೇಳಲಿಲ್ಲ. ಮಕ್ಕಳು ಹತ್ತೇ ಜನ, ಬೆಳಕೂ ಜೋರು, ನಿಜ. ಆದರೆ ಅದೇ ತಂಡ ಆಮೇಲೆ ಮಂದ ಬೆಳಕಿನಲ್ಲಿ ಮಾಡಿದಾಗಲೂ ಮೆಲಟೋನಿನ್ ಸಾಕಷ್ಟು ಇಳಿಯಿತು. ಚಿಕ್ಕ ಮಕ್ಕಳ ಕಣ್ಣಿನ ಮಸೂರ ತಿಳಿಯಾಗಿರುತ್ತದೆ, ಪಾಪೆ ದೊಡ್ಡದಿರುತ್ತದೆ. ನಮಗಿಂತ ಜಾಸ್ತಿ ಬೆಳಕು ಒಳಗೆ ಹೋಗುತ್ತದೆ.

ಹಾಗಾಗಿ ಎಂಟು ಗಂಟೆಯ ಮೇಲೆ ಪಡಸಾಲೆಯ ದೊಡ್ಡ ಲೈಟ್ ಆರಿಸಿ, ಒಂದು ಸಣ್ಣ ಹಳದಿ ಬಲ್ಬ್ ಉಳಿಸಿಕೊಳ್ಳಿ. ಮೊಬೈಲಿನದು ಬೆಳಕಿನ ಪ್ರಶ್ನೆ ಮಾತ್ರವಲ್ಲ. ಒಂದು ವಿಡಿಯೋ ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತದೆ, ಮುಗಿಯಿತು ಅನ್ನುವ ಜಾಗವೇ ಇಲ್ಲ. ಎರಡು ವರ್ಷದೊಳಗಿನವರಿಗೆ ಪರದೆ ಬೇಡವೇ ಬೇಡ, ಆಮೇಲೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಒಂದು ಗಂಟೆಯೂ ಊಟಕ್ಕೆ ಮುಂಚೆಯೇ ಮುಗಿಯಲಿ.

ಇನ್ನು ಮಲಗುವ ಕ್ರಮ. ಜೋಡಿ ಮಿಂಡೆಲ್ ಮತ್ತು ಸಂಗಡಿಗರು 2009ರಲ್ಲಿ 405 ತಾಯಂದಿರು ಮತ್ತು ಅವರ ಮಕ್ಕಳ ಮೇಲೆ ಮಾಡಿದ ಅಧ್ಯಯನದಲ್ಲಿ ಕೇಳಿದ್ದು ಬಹಳ ಸರಳ: ಸ್ನಾನ, ಮೈಗೆ ನೀವುವುದು, ಆಮೇಲೆ ಮುದ್ದು, ಜೋಗುಳದಂಥ ಶಾಂತ ಕೆಲಸ, ಸ್ನಾನ ಮುಗಿದ ಅರ್ಧ ಗಂಟೆಯೊಳಗೆ ಲೈಟ್ ಆರಿಸುವುದು. ಹೀಗೆ ಮಾಡಿದ ಮಕ್ಕಳು ಬೇಗ ನಿದ್ದೆ ಹೋದವು, ರಾತ್ರಿ ಏಳುವುದು ಕಡಿಮೆಯಾಯಿತು, ತಾಯಂದಿರ ಮನಸ್ಸೂ ಹಗುರಾಯಿತು. ಎಣ್ಣೆ ಹಚ್ಚಿ ಎರೆಯುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ, ಅಲ್ವಾ? ನಾವು ಅದನ್ನು ಬೆಳಿಗ್ಗೆ ಮಾಡುತ್ತೇವೆ, ಅಷ್ಟೇ. ಅದನ್ನು ರಾತ್ರಿಗೆ ತರಬೇಕೆಂದೇನಿಲ್ಲ. ಬೆಚ್ಚನೆ ನೀರಲ್ಲಿ ಕೈಕಾಲು ಮುಖ ತೊಳೆದು, ಅಂಗಾಲಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ತಿಕ್ಕಿದರೂ ನಡೆಯುತ್ತದೆ.

ಏನು ಮಾಡುತ್ತೀರಿ ಅನ್ನುವುದಕ್ಕಿಂತ ಅದೇ ಕೆಲಸ, ಅದೇ ಸರದಿಯಲ್ಲಿ, ದಿನಾ ಬರುವುದು ಮುಖ್ಯ. ಸಣ್ಣ ಮಕ್ಕಳಿಗೆ ಗಂಟೆ ಗೊತ್ತಾಗುವುದಿಲ್ಲ, ಒಂದಾದ ಮೇಲೆ ಒಂದು ಬರುವುದು ಗೊತ್ತಾಗುತ್ತದೆ. ಊಟ, ಕೈಕಾಲು ತೊಳೆಯುವುದು, ಹಲ್ಲು, ಹಳೇ ಅಂಗಿ, ಕೌದಿ, ಒಂದು ಕಥೆ, ಕತ್ತಲು. ಕೌದಿ ಹಾಸುವುದನ್ನು ಮಗುವಿಗೇ ಬಿಡಿ. ವಕ್ರವಾಗಿ ಹಾಸಲಿ, ಪರವಾಗಿಲ್ಲ. ಆಯಿಯ ಹಳೇ ಇಳಕಲ್ ಸೀರೆ, ಮುತ್ಯಾನ ಧೋತರ, ಅಪ್ಪನ ಹರಿದ ಅಂಗಿ ಎಲ್ಲ ಸೇರಿಸಿ ಹೊಲಿದ ಕೌದಿಯಲ್ಲಿ ಪ್ರತಿ ಮಗುವಿಗೂ ಒಂದು ತುಂಡು ಇಷ್ಟ ಇರುತ್ತದೆ. ಕತ್ತಲೆಯಲ್ಲಿ ಅದರ ಹೊಲಿಗೆಯ ಮೇಲೆ ಬೆರಳು ಆಡಿಸುತ್ತಾ ಮಲಗುತ್ತದೆ. ರಾತ್ರಿ ಎಚ್ಚರವಾದರೂ ಆ ತುಂಡು ಅಲ್ಲೇ ಇರುತ್ತದೆ, ಮತ್ತೆ ಬೆರಳು ಆಡಿಸಿಕೊಂಡು ನಿದ್ದೆ ಹೋಗುತ್ತದೆ. (ವರ್ಷದೊಳಗಿನ ಕೂಸಿನ ಹತ್ತಿರ ಮಾತ್ರ ಕೌದಿ, ದಿಂಬು ಯಾವುದೂ ಸಡಿಲವಾಗಿ ಇಡಬೇಡಿ. ಕೂಸನ್ನು ಬೆನ್ನ ಮೇಲೆ ಅಂಗಾತ ಮಲಗಿಸಿ.)

ಈ ಎಚ್ಚರವಾಗುವ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿದ್ದೆ ಒಂದೇ ಸಮ ಇರುವುದಿಲ್ಲ, ಸುತ್ತು ಸುತ್ತಾಗಿ ಬರುತ್ತದೆ. ದೊಡ್ಡವರಿಗೆ ಒಂದು ಸುತ್ತು ಸುಮಾರು ಒಂದೂವರೆ ಗಂಟೆ, ಕೂಸುಗಳಿಗೆ ಒಂದು ಗಂಟೆಯೊಳಗೆ. ಪ್ರತಿ ಸುತ್ತಿನ ಕೊನೆಗೆ ಎಲ್ಲರೂ ಅರೆಗಳಿಗೆ ಎಚ್ಚರವಾಗುತ್ತೇವೆ. ನಾವು ಮಗ್ಗಲು ಬದಲಿಸಿ ಮಲಗುತ್ತೇವೆ. ಮಗು ಮಾತ್ರ ಸುತ್ತ ನೋಡುತ್ತದೆ: ನಾನು ನಿದ್ದೆ ಹೋದಾಗ ಇದ್ದದ್ದೆಲ್ಲ ಈಗಲೂ ಇದೆಯಾ? ತೊಟ್ಟಿಲು ತೂಗುತ್ತಿತ್ತು, ಈಗ ನಿಂತಿದೆ. ಬಾಯಲ್ಲಿ ಹಾಲಿತ್ತು, ಈಗ ಇಲ್ಲ. ಅಳು ಶುರು. ಅದಕ್ಕೇ ಐದಾರು ತಿಂಗಳು ದಾಟಿದ ಮೇಲೆ ತೂಗುವುದನ್ನು, ಹಾಲು ಕುಡಿಸುವುದನ್ನು ಕಣ್ಣು ಪೂರ್ತಿ ಮುಚ್ಚುವ ಸ್ವಲ್ಪ ಮೊದಲು ನಿಲ್ಲಿಸುವ ರೂಢಿ ಒಳ್ಳೆಯದು. ಕೊನೆಯ ಗಳಿಗೆ ಕೂಸೇ ದಾಟಲಿ. ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುವ ಮಕ್ಕಳ ಹಲ್ಲು ಹುಳುಕಾಗುವುದು ಬೇರೆ.

ಇದಕ್ಕಾಗಿ ಮಗುವನ್ನು ಬೇರೆ ಕೋಣೆಯಲ್ಲಿ ಒಬ್ಬನೇ ಮಲಗಿಸಬೇಕೇ? ಬೇಕಿಲ್ಲ. ನಮ್ಮ ಮನೆಗಳಲ್ಲಿ ಪಡಸಾಲೆಯಲ್ಲಿ ಸಾಲಾಗಿ ಮಲಗುತ್ತೇವೆ, ಅದರಲ್ಲೇನೂ ದೋಷವಿಲ್ಲ. ಪಕ್ಕದಲ್ಲಿ ಮಲಗಿದ್ದೂ ಸುಮ್ಮನಿರಬಹುದು. ವಿದೇಶದ ಪುಸ್ತಕ ಓದಿ ಬಾಗಿಲು ಹಾಕಿಕೊಂಡು ಅಳಲು ಬಿಡುವುದು ನನಗಂತೂ ಒಪ್ಪಿಗೆಯಿಲ್ಲ, ಆಯಿ ಮುತ್ಯಾ ಇರುವ ಮನೆಯಲ್ಲಿ ಅದು ಐದು ನಿಮಿಷವೂ ನಡೆಯುವುದಿಲ್ಲ.

ನೀರು, ಉಚ್ಚಿ, ಮುತ್ಯಾ ಅಂತ ಎದ್ದೆದ್ದು ಬರುವವರಿಗೆ ಒಂದು ಉಪಾಯವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞರು 1999ರಲ್ಲಿ ಪರೀಕ್ಷಿಸಿದ್ದು. ಮಲಗುವಾಗ ಮಗುವಿನ ಕೈಗೆ ಒಂದು ಚೀಟಿ ಕೊಡಿ. ಹಳೇ ಬಸ್ ಟಿಕೆಟ್ ಆದರೂ ಸರಿ. ಈ ಟಿಕೆಟ್ ಕೊಟ್ಟು ಒಂದು ಸಲ ಏಳಬಹುದು, ಒಂದು ಮಾತು ಕೇಳಬಹುದು. ಆಮೇಲೆ ಟಿಕೆಟ್ ಮುಗಿಯಿತು. ಮೂರು ವರ್ಷ ದಾಟಿದ ಮಕ್ಕಳಿಗೆ ಇದು ನಡೆಯುತ್ತದೆ. ಟಿಕೆಟ್ ಕೈಯಲ್ಲಿದೆ ಅನ್ನುವ ಧೈರ್ಯಕ್ಕೇ ಎಷ್ಟೋ ಮಕ್ಕಳು ಅದನ್ನು ಖರ್ಚು ಮಾಡದೆ ಮುಷ್ಟಿಯಲ್ಲೇ ಹಿಡಿದು ನಿದ್ದೆ ಹೋಗುತ್ತವೆ.

ಎಲ್ಲಕ್ಕಿಂತ ಕಷ್ಟದ್ದು ಅಪ್ಪ ಮನೆಗೆ ಬರುವ ಹೊತ್ತು. ಗಾಂಧಿ ಚೌಕದ ಕಡೆ ಅಂಗಡಿ ಇಟ್ಟವರು ಬಾಗಿಲು ಹಾಕಿ ಮನೆ ಸೇರುವಾಗ ಒಂಬತ್ತೂವರೆ. ದಿನಕ್ಕೊಮ್ಮೆ ಮಗುವಿನ ಮುಖ ನೋಡುವ ಆಸೆ ಅವರದ್ದು. ಬಂದ ಕೂಡಲೇ ಎತ್ತಿ ಹಾರಿಸುತ್ತಾರೆ, ಆಗಷ್ಟೇ ಕಣ್ಣು ಎಳೆಯುತ್ತಿದ್ದ ಮಗು ಮತ್ತೆ ಒಂದು ಗಂಟೆ ಆಡುತ್ತದೆ. ಬರಬೇಡಿ ಅನ್ನಲಾಗದು. ಆದರೆ ಬೆಳಿಗ್ಗೆಯ ಮೊದಲ ಗಂಟೆಯನ್ನು ಅಪ್ಪನಿಗೆ ಬರೆದುಕೊಟ್ಟರೆ ಇಬ್ಬರಿಗೂ ಲಾಭ: ಎಬ್ಬಿಸುವುದು, ಬಿಸಿಲಿಗೆ ಒಯ್ಯುವುದು, ಸುಸಲಾ ತಿನ್ನಿಸುವುದು. ರಾತ್ರಿ ಬಂದಾಗ ಮಗು ಇನ್ನೂ ಎದ್ದಿದ್ದರೆ ಪಕ್ಕದಲ್ಲಿ ಉರುಳಿಕೊಂಡು ಕಥೆ ಹೇಳಲಿ, ಕುಸ್ತಿ ಬೇಡ.

ನಡುರಾತ್ರಿ ಮಗು ಚಿಟಾರನೆ ಚೀರಿ, ಕಣ್ಣು ತೆರೆದಿದ್ದರೂ ಯಾರನ್ನೂ ಗುರುತಿಸದೆ ಬೆವರುವುದನ್ನು ಕಂಡರೆ ಹೆದರಬೇಡಿ. ಮಲಗಿದ ಮೊದಲ ಎರಡು ಮೂರು ಗಂಟೆಯಲ್ಲಿ, ಗಾಢ ನಿದ್ದೆಯಿಂದ ಅರ್ಧ ಎದ್ದಾಗ ಹೀಗಾಗುತ್ತದೆ. ಬೆಳಿಗ್ಗೆ ಅದಕ್ಕೇನೂ ನೆನಪಿರುವುದಿಲ್ಲ. ಅಲುಗಾಡಿಸಿ ಎಬ್ಬಿಸಬಾರದು, ಬೀಳದ ಹಾಗೆ ನೋಡಿಕೊಂಡು ಪಕ್ಕದಲ್ಲಿದ್ದರೆ ಸಾಕು. ಆಯಿ ಉಪ್ಪು ಮೆಣಸಿನಕಾಯಿ ಇಳಿ ತೆಗೆದು ದೃಷ್ಟಿ ತೆಗೆಯುತ್ತೇನೆ ಅಂದರೆ ತೆಗೆಯಲಿ, ಮಗುವನ್ನು ಎಬ್ಬಿಸಿ ಕೂರಿಸದಿದ್ದರಾಯಿತು. ನಿದ್ದೆ ಸಾಲದ ದಿನಗಳಲ್ಲಿ ಇದು ಜಾಸ್ತಿ. ಆದರೆ ದಿನಾ ಗೊರಕೆ ಹೊಡೆಯುವ, ಬಾಯಿ ತೆರೆದು ಉಸಿರಾಡುವ, ನಡುವೆ ಉಸಿರು ಕಟ್ಟಿದಂತಾಗುವ ಮಗುವನ್ನು ಡಾಕ್ಟರಿಗೆ ತೋರಿಸಲೇಬೇಕು. ಟಾನ್ಸಿಲ್ ಅಥವಾ ಮೂಗಿನ ಹಿಂದಿನ ಅಡಿನಾಯ್ಡ್ ಊದಿರಬಹುದು, ಅದಕ್ಕೆ ದಿನಚರಿ ಮದ್ದಲ್ಲ.

ಕ್ರಮ ತಪ್ಪುವ ದಿನಗಳು ಇದ್ದೇ ಇರುತ್ತವೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂದಾಗ ಮದ್ದು ಸುಡುವುದನ್ನು ತೋರಿಸದೆ ಎಂಟೂವರೆಗೆ ಮಲಗಿಸುವವರು ಯಾರು? ತೋರಿಸಿ. ಮರುದಿನ ಎಂದಿನ ಹೊತ್ತಿಗೇ ಎಬ್ಬಿಸಿ, ಮಧ್ಯಾಹ್ನ ಅರ್ಧ ಗಂಟೆ ಹೆಚ್ಚು ಮಲಗಲಿ. ಎರಡು ದಿನದಲ್ಲಿ ಸರಿಹೋಗುತ್ತದೆ.

ದೊಡ್ಡ ಪರೀಕ್ಷೆ ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾ ಬಂದಿದ್ದಾರೆ. ಇಡೀ ದಿನವನ್ನೇ ಮುಂದಕ್ಕೆ ಎಳೆಯುವ ಈ ಜಾಣತನ ಮಕ್ಕಳ ವಿಷಯಕ್ಕೂ ಸರಿ. ಬೇಸಿಗೆಯಲ್ಲಿ ಕೋಣೆಯ ಗೋಡೆ ರಾತ್ರಿ ಹತ್ತಾದರೂ ಕಾದೇ ಇರುತ್ತದೆ. ನಿದ್ದೆ ಹತ್ತಬೇಕಾದರೆ ದೇಹದೊಳಗಿನ ಬಿಸಿ ಸ್ವಲ್ಪ ಇಳಿಯಬೇಕು, ಆ ಕೋಣೆಯಲ್ಲಿ ಅದು ಇಳಿಯುವುದಿಲ್ಲ. ಸಂಜೆ ಮಾಳಿಗೆಗೆ ನೀರು ಹೊಡೆದು, ಮಕ್ಕಳಿಗೂ ಒಂದು ಸ್ನಾನ ಮಾಡಿಸಿ, ಗಾಳಿಗೆ ಹಾಸಿಗೆ ಹಾಸಿದರೆ ಹತ್ತರ ಸುಮಾರಿಗೆ ಮಲಗುತ್ತವೆ. ರಜೆಯಲ್ಲಿ ಅಷ್ಟು ತಡವಾದರೆ ನಡೆಯುತ್ತದೆ, ಮಧ್ಯಾಹ್ನದ ನಿದ್ದೆ ಅದನ್ನು ತುಂಬುತ್ತದೆ. ಶಾಲೆ ತೆರೆಯುವುದು ಮೇ ಕೊನೆಗೋ ಜೂನ್ ಶುರುವಿಗೋ. ಅದಕ್ಕೆ ಎರಡು ಮೂರು ವಾರ ಮುಂಚೆಯೇ ಕಾಲು ಕಾಲು ಗಂಟೆಯ ಲೆಕ್ಕ ಶುರು ಮಾಡಿ. ಮಾಳಿಗೆ ಮೇಲೆ ಮಲಗಿದ ಮಕ್ಕಳನ್ನು ಎಬ್ಬಿಸುವ ಕೆಲಸವನ್ನು ಹೇಗೂ ಬಿಸಿಲೇ ಮಾಡುತ್ತದೆ. ಎದ್ದವರನ್ನು ಕೆಳಗೆ ಹೊತ್ತು ತಂದು, ಕಿಟಕಿ ಮುಚ್ಚಿ, ಫ್ಯಾನ್ ಹಾಕಿ ಮತ್ತೆ ಮಲಗಿಸಬೇಡಿ, ಅಷ್ಟು ಮಾಡಿದರೆ ಸಾಕು.